ಕಂಟ್ರೋಲ್ ರೂಮಿಗೆ ಸೈಬರ್ ಕಾವಲು: ಶಿಫ್ಟಿಗೆ ಸೇರುವ ಮಲೆನಾಡಿನ ಮಕ್ಕಳಿಗೊಂದು ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರ ಇಲ್ಲ. ಆದರೆ ಪಕ್ಕದ ಉತ್ತರ ಕನ್ನಡದಲ್ಲಿ, ಕಾಳಿ ನದಿ ದಂಡೆಯ ಕೈಗಾದಲ್ಲಿ, ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್‌ಗಳಿವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಐಟಿಐ, ಡಿಪ್ಲೊಮಾ, ಬಿಇ ಮುಗಿಸಿದ ಮಕ್ಕಳು ಅಲ್ಲಿಗೂ ಕೆಲಸಕ್ಕೆ ಹೋಗುತ್ತಾರೆ. ಶರಾವತಿ, ವಾರಾಹಿ ಪವರ್ ಹೌಸ್‌ಗಳಿಗೂ ಹೋಗುತ್ತಾರೆ, ತಾಳಗುಪ್ಪದ ಸಬ್‌ಸ್ಟೇಷನ್‌ಗೂ ಹೋಗುತ್ತಾರೆ. ಎಲ್ಲಿಗೆ ಹೋದರೂ ಕೊನೆಗೆ ಕೂರುವುದು ಒಂದು ಸ್ಕ್ರೀನಿನ ಮುಂದೆ. ಆ ಸ್ಕ್ರೀನಿನ ಹಿಂದೆ ಪಿಎಲ್‌ಸಿ (ಯಂತ್ರಗಳಿಗೆ ಆದೇಶ ಕೊಡುವ ಪುಟ್ಟ ಕಂಪ್ಯೂಟರ್), ರಿಲೇ, ಸೆನ್ಸರ್, ವಾಲ್ವು, ಪಂಪು. ನಾನು ಇನ್‌ಸ್ಟ್ರುಮೆಂಟೇಷನ್ ಕೆಲಸದವನು. ಶಿಫ್ಟಿಗೆ ಹೊಸದಾಗಿ ಸೇರುವವರು ಸೈಬರ್ ದಾಳಿ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

2019ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಸ್ಥಾವರದ ಒಂದು ಕಂಪ್ಯೂಟರಿನಲ್ಲಿ ವೈರಸ್ ಇರುವುದು ಗೊತ್ತಾಯಿತು. ಅಕ್ಟೋಬರ್ ಕೊನೆಗೆ ಸುದ್ದಿ ಹೊರಬಿತ್ತು. ಆಗ ಸ್ಥಾವರದಿಂದ ಮೊದಲು ಬಂದ ಹೇಳಿಕೆ ಏನೆಂದರೆ, ನಮ್ಮ ಕಂಟ್ರೋಲ್ ಸಿಸ್ಟಮ್‌ಗಳು ಹೊರಗಿನ ಯಾವ ನೆಟ್‌ವರ್ಕಿಗೂ ಸೇರಿಲ್ಲ, ದಾಳಿ ಸಾಧ್ಯವೇ ಇಲ್ಲ ಅಂತ. ಮರುದಿನ, ಅಕ್ಟೋಬರ್ 30ಕ್ಕೆ, ವೈರಸ್ ಸಿಕ್ಕಿದ್ದು ನಿಜ ಎಂದು ಸ್ಥಾವರ ನಡೆಸುವ ಸರ್ಕಾರಿ ಸಂಸ್ಥೆ ಎನ್‌ಪಿಸಿಐಎಲ್ ತಿಳಿಸಿತು. ಅದು ಆಡಳಿತದ ಕೆಲಸಕ್ಕೆ ಬಳಸುತ್ತಿದ್ದ, ಇಂಟರ್ನೆಟ್ ಇದ್ದ ಪಿಸಿ. ರಿಯಾಕ್ಟರ್ ಕಡೆಗೆ ತೊಂದರೆ ತಟ್ಟಿರಲಿಲ್ಲ. ಅಲ್ಲಿ ಎರಡು ನೆಟ್‌ವರ್ಕನ್ನು ಬೇರೆ ಬೇರೆ ಇಟ್ಟಿದ್ದು ಕೆಲಸಕ್ಕೆ ಬಂತು, ಒಪ್ಪೋಣ. ಆದರೆ "ನಮ್ಮದು ನೆಟ್‌ಗೆ ಸೇರಿಲ್ಲ, ನಮಗೇನೂ ಆಗಲ್ಲ" ಅನ್ನುವ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ. ಈ ಲೇಖನ ಪೂರ್ತಿ ಆ ಒಂದು ಮಾತಿನ ವಿರುದ್ಧವೇ ಇದೆ.

ಹೆಜ್ಜೆ 1: "ನೆಟ್ ಇಲ್ಲ" ಅನ್ನುವ ಸಮಾಧಾನ ಬಿಡಿ

ಇರಾನಿನ ನಟಾಂಜ್‌ನಲ್ಲಿ ವೇಗವಾಗಿ ತಿರುಗಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್ ಯಂತ್ರಗಳು ಇಂಟರ್ನೆಟ್ಟಿಗೆ ಸೇರಿರಲಿಲ್ಲ. ಆದರೂ ಸ್ಟಕ್ಸ್‌ನೆಟ್ ಎಂಬ ವೈರಸ್ ಒಳಗೆ ಹೋಯಿತು. ಪೆನ್ ಡ್ರೈವ್ ಮೂಲಕ ಹರಡುವಂತೆಯೇ ಅದನ್ನು ಕಟ್ಟಿದ್ದರು. ಅದು ಪತ್ತೆಯಾಗಿದ್ದು 2010ರಲ್ಲಿ. ಅಷ್ಟರಲ್ಲಿ ಅದು ಸೀಮೆನ್ಸ್ ಪಿಎಲ್‌ಸಿಗಳ ಒಳಗೆ ಕೂತು ಯಂತ್ರಗಳ ವೇಗವನ್ನು ಏರಿಸಿ ಇಳಿಸಿ ಹಾಳು ಮಾಡಿತ್ತು.

ಜರ್ಮನಿಯ ಗುಂಡ್ರೆಮಿಂಗೆನ್ ಅಣು ಸ್ಥಾವರದ ಕತೆಯೂ ಹೀಗೇ. 2016ರಲ್ಲಿ, ಇಂಧನ ರಾಡು ಸಾಗಿಸುವ ಯಂತ್ರಕ್ಕೆ ಸಂಬಂಧಿಸಿದ ಒಂದು ಕಂಪ್ಯೂಟರಿನಲ್ಲಿ ರಾಮ್ನಿಟ್, ಕಾನ್‌ಫಿಕರ್ ಎಂಬ ಹಳೇ ವೈರಸ್‌ಗಳು ಸಿಕ್ಕವು. ಜೊತೆಗೆ 18 ಪೆನ್ ಡ್ರೈವ್‌ನಂಥ ಡ್ರೈವ್‌ಗಳಲ್ಲೂ ವೈರಸ್ ಇತ್ತು. ಯಾರೂ ಅಲ್ಲಿಗೆ ಗುರಿ ಇಟ್ಟು ದಾಳಿ ಮಾಡಿರಲಿಲ್ಲ. ಊರೆಲ್ಲ ತಿರುಗುವ ಸಾಮಾನ್ಯ ವೈರಸ್ಸೇ ಯಾರದೋ ಜೇಬಿನಲ್ಲಿ ಕೂತು ಒಳಗೆ ಬಂದಿತ್ತು.

ಅಮೆರಿಕದ ಓಹಾಯೋದಲ್ಲಿರುವ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ 2003ರ ಜನವರಿಯಲ್ಲಿ ಸ್ಲ್ಯಾಮರ್ ಎಂಬ ವರ್ಮ್ (ತಾನಾಗಿ ಹರಡುವ ವೈರಸ್) ನುಗ್ಗಿತು. ಹೊರಗಿನಿಂದ ಬರುವುದನ್ನು ತಡೆಯುವ ಕಚೇರಿಯ ಫೈರ್‌ವಾಲ್ ಸರಿಯಾಗೇ ಇತ್ತು. ಆದರೆ ಒಬ್ಬ ಕಾಂಟ್ರಾಕ್ಟರ್ ಕಂಪನಿಯಿಂದ ಬಂದ ಬೇರೊಂದು ಲೈನು ಆ ಫೈರ್‌ವಾಲನ್ನು ಹಾದು ಹೋಗದೆ ನೇರ ಒಳಗೆ ಸೇರಿತ್ತು. ಸುರಕ್ಷತೆಯ ಅಂಕಿ ತೋರಿಸುವ ಡಿಸ್‌ಪ್ಲೇ ಸುಮಾರು 5 ಗಂಟೆ ಸತ್ತುಹೋಯಿತು. ಪುಣ್ಯಕ್ಕೆ ರಿಯಾಕ್ಟರ್ ಆಗಲೇ ಬೇರೆ ಕಾರಣಕ್ಕೆ ನಿಂತಿತ್ತು. ಆ ವರ್ಮ್ ಬಳಸಿದ ತೂತು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಬಿಟ್ಟಿತ್ತು. ಅಲ್ಲಿ ಹಾಕಿರಲಿಲ್ಲ, ಅಷ್ಟೆ.

ಮೂರು ಕಡೆಯೂ ದಾರಿ ಇಂಥದ್ದೇ. ಪೆನ್ ಡ್ರೈವ್, ಇಲ್ಲವೇ ಕಾಂಟ್ರಾಕ್ಟರನ ಲೈನು. ಹ್ಯಾಕರ್ ಎಲ್ಲೋ ದೂರದಲ್ಲಿ ಕೂತು ಪಾಸ್‌ವರ್ಡ್ ಒಡೆದು ನೇರ ರಿಯಾಕ್ಟರಿಗೆ ಬರುತ್ತಾನೆ ಅನ್ನುವ ಸಿನಿಮಾ ಚಿತ್ರವನ್ನು ತಲೆಯಿಂದ ತೆಗೆಯಿರಿ. ಒಳಗೆ ತರುವವರು ಜಾಸ್ತಿ ಸಲ ನಾವೇ, ಗೊತ್ತಿಲ್ಲದೆ.

ಹೆಜ್ಜೆ 2: ಇರುವುದನ್ನೆಲ್ಲ ಎಣಿಸಿ, ಬರೆಯಿರಿ

ಇದು ಬೇಜಾರಿನ ಕೆಲಸ. ಆದರೆ ಇದಿಲ್ಲದೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕಂಪ್ಯೂಟರ್ ವಿಭಾಗದವರು ಕೊಡುವ ಪಟ್ಟಿಯನ್ನು ನಂಬಿ ಕೂರಬೇಡಿ. ಟಾರ್ಚು, ನೋಟ್‌ಬುಕ್ಕು, ಪ್ಯಾನೆಲ್ ಕೀ ತಗೊಂಡು ಇಬ್ಬರು ಹೊರಡಿ. ಒಂದೊಂದೇ ಪ್ಯಾನೆಲ್ ತೆಗೆಯಿರಿ. ಒಳಗೆ ಏನಿದೆ, ಯಾವ ಕಂಪನಿ, ಯಾವ ಮಾಡೆಲ್, ಒಳಗಿನ ಸಾಫ್ಟ್‌ವೇರಿನ ಆವೃತ್ತಿ ಎಷ್ಟು, ಅದರಿಂದ ಹೊರಟ ಕೇಬಲ್ ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ಬರೆದುಕೊಳ್ಳಿ. ಕೇಬಲನ್ನು ಇನ್ನೊಂದು ತುದಿವರೆಗೆ ಕಾಲ್ನಡಿಗೆಯಲ್ಲೇ ಹಿಂಬಾಲಿಸಿ. ಟ್ರೆಂಚಿನಲ್ಲಿ ಮಾಯವಾದರೆ "ತಿಳಿದಿಲ್ಲ" ಅಂತಲೇ ಬರೆಯಿರಿ, ಊಹೆ ಬರೆಯಬೇಡಿ.

ಪಿಎಲ್‌ಸಿ, ಸರ್ವರ್ ಎಲ್ಲರ ಕಣ್ಣಿಗೂ ಬೀಳುತ್ತವೆ. ನೀವು ಹುಡುಕಬೇಕಾದ್ದು ಕಣ್ಣಿಗೆ ಬೀಳದವನ್ನು. ಯುಪಿಎಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಇದೆಯಾ? ಸಮಯ ಹೊಂದಿಸುವ ಜಿಪಿಎಸ್ ಗಡಿಯಾರ ಯಾವ ನೆಟ್‌ವರ್ಕ್ ಸ್ವಿಚ್ಚಿಗೆ ಸೇರಿದೆ? ಸಿಸಿ ಕ್ಯಾಮೆರಾದ ಕೇಬಲ್ಲು ಕಂಟ್ರೋಲ್ ರ‍್ಯಾಕಿಗೇ ಬಂದಿದೆಯಾ? ಪ್ರಿಂಟರಿಗೆ ವೈಫೈ ಇದೆಯಾ? ಗುಡ್ಡದ ಮೇಲಿನ ಯಾವುದೋ ಮಳೆ ಮಾಪಕದ ಅಂಕಿ ತರಲು ಸಿಮ್ ಹಾಕಿದ ಪುಟ್ಟ ರೂಟರ್ ಇಟ್ಟಿರುತ್ತಾರೆ. ಕೇಳಿದರೆ "ಅದು ಬರೀ ರೀಡಿಂಗಿಗೆ ಮಾರಾಯ" ಅನ್ನುತ್ತಾರೆ. ರೀಡಿಂಗಿಗೇ ಇರಬಹುದು. ಆದರೆ ಆ ಸಿಮ್‌ಗೆ ಹೊರಗಿನ ಲೋಕದಿಂದ ದಾರಿ ಇದೆ, ಇನ್ನೊಂದು ತುದಿ ನಿಮ್ಮ ಸ್ವಿಚ್ಚಿನಲ್ಲಿದೆ. ಒಂದೇ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಪೋರ್ಟ್ ಇದ್ದು, ಒಂದು ಆಫೀಸಿಗೆ, ಒಂದು ಪ್ಲಾಂಟಿಗೆ ಹೋಗಿದ್ದರೆ ಅದಕ್ಕೆ ಕೆಂಪು ಗುರುತು ಹಾಕಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಜೋಡಣೆ ಅದು.

ಒಂದು ಎಚ್ಚರಿಕೆ. ಈ ಪಟ್ಟಿ ಮಾಡಲು ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಸ್ಕ್ಯಾನ್ ಮಾಡುವ ಟೂಲ್ ಓಡಿಸಬೇಡಿ. ಆಫೀಸ್ ನೆಟ್‌ವರ್ಕಿನಲ್ಲಿ ಅದು ಏನೂ ಅಲ್ಲ. ಓಡುತ್ತಿರುವ ಪ್ಲಾಂಟಿನಲ್ಲಿ ಹಳೇ ಕಂಟ್ರೋಲರ್‌ಗಳು ಅಷ್ಟಕ್ಕೇ ಹ್ಯಾಂಗ್ ಆಗುತ್ತವೆ. ಅಮೆರಿಕದ ಅಲಬಾಮಾದಲ್ಲಿರುವ ಬ್ರೌನ್ಸ್ ಫೆರಿ ಸ್ಥಾವರದ 3ನೇ ಘಟಕದಲ್ಲಿ 2006ರ ಆಗಸ್ಟ್‌ನಲ್ಲಿ ಆಗಿದ್ದು ನೆನಪಿಡಿ. ನೆಟ್‌ವರ್ಕಿನಲ್ಲಿ ದಟ್ಟಣೆ ಜಾಸ್ತಿಯಾಗಿ, ನೀರು ಸುತ್ತಿಸುವ ಎರಡೂ ಪಂಪುಗಳ ಡ್ರೈವ್ ಕಂಟ್ರೋಲರ್‌ಗಳು ಕೈಕೊಟ್ಟವು. ಆಪರೇಟರ್‌ಗಳು ರಿಯಾಕ್ಟರನ್ನು ಕೈಯಾರೆ ನಿಲ್ಲಿಸಬೇಕಾಯಿತು. ಅದಕ್ಕೆ ಹ್ಯಾಕರ್ ಕೂಡ ಬೇಕಾಗಿರಲಿಲ್ಲ.

ಹೆಜ್ಜೆ 3: ಪ್ರತಿ ಪೆಟ್ಟಿಗೆಗೂ ಎರಡು ಪ್ರಶ್ನೆ ಕೇಳಿ

ಪಟ್ಟಿ ಕೈಗೆ ಬಂದ ಮೇಲೆ ಒಂದೊಂದರ ಮುಂದೆಯೂ ಕೇಳಿಕೊಳ್ಳಿ. ಇದು ನಿಂತರೆ ಏನಾಗುತ್ತದೆ? ಇದು ಸುಳ್ಳು ಹೇಳಿದರೆ ಏನಾಗುತ್ತದೆ? ಎರಡನೆಯದು ಮುಖ್ಯ. ನಿಂತ ಯಂತ್ರ ಗೊತ್ತಾಗುತ್ತದೆ, ಸುಳ್ಳು ಹೇಳುವ ಯಂತ್ರ ಗೊತ್ತಾಗುವುದಿಲ್ಲ.

ಅಣು ಸ್ಥಾವರದಲ್ಲಿ ಜನ ಹೆದರುವುದು ರಿಯಾಕ್ಟರ್ ನಿಲ್ಲದೆ ಹೋದರೆ ಅಂತ. ಕೈಗಾದ ಥರದ ಭಾರಜಲ ರಿಯಾಕ್ಟರ್‌ಗಳಲ್ಲಿ ನಿಲ್ಲಿಸಲು ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದರಲ್ಲಿ ಕ್ಯಾಡ್ಮಿಯಂ ರಾಡುಗಳನ್ನು ವಿದ್ಯುತ್ ಕ್ಲಚ್ಚು ಮೇಲೆ ಹಿಡಿದಿರುತ್ತದೆ. ಕರೆಂಟ್ ಹೋದರೆ ಹಿಡಿತ ಬಿಟ್ಟು ಅವು ಕೆಳಗಿಳಿಯುತ್ತವೆ. ಇನ್ನೊಂದರಲ್ಲಿ ನ್ಯೂಟ್ರಾನ್ ಹೀರುವ ದ್ರವ ಒಳಗೆ ನುಗ್ಗುತ್ತದೆ. ಸಿಗ್ನಲ್‌ಗಳಿಗೆ ಮೂರು ಚಾನೆಲ್. ಮೂರರಲ್ಲಿ ಎರಡು ಒಪ್ಪಿದರೆ ಟ್ರಿಪ್, ಅಂದರೆ ರಿಯಾಕ್ಟರ್ ತಾನೇ ನಿಲ್ಲುತ್ತದೆ. ಹೀಗೆ ನಿಲ್ಲಿಸುವ ಕೆಲಸ ತುಂಬ ಗಟ್ಟಿಯಾಗಿದೆ.

ಆದರೆ ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಪೂರ್ತಿ ಶಾಖದ ಶೇ. 6-7ರಷ್ಟು ಇನ್ನೂ ಬರುತ್ತಲೇ ಇರುತ್ತದೆ. ಒಂದು ದಿನ ಕಳೆದರೂ ಶೇ. ಅರ್ಧದ ಆಸುಪಾಸು ಉಳಿದಿರುತ್ತದೆ. ಕೇಳಲು ಸಣ್ಣದು, ದೊಡ್ಡ ರಿಯಾಕ್ಟರಿನಲ್ಲಿ ಅದು ಹಲವು ಮೆಗಾವ್ಯಾಟ್ ಶಾಖ. 2011ರಲ್ಲಿ ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರ್‌ಗಳು ಭೂಕಂಪಕ್ಕೆ ಸರಿಯಾಗೇ ನಿಂತಿದ್ದವು. ಕೆಟ್ಟಿದ್ದು ಆಮೇಲೆ, ಭೂಕಂಪಕ್ಕೆ ಹೊರಗಿನ ಕರೆಂಟು, ಸುನಾಮಿಗೆ ಡೀಸೆಲ್ ಜನರೇಟರು ಹೋಗಿ ತಂಪು ಮಾಡಲು ಆಗದಿದ್ದಾಗ. ಹಾಗಾಗಿ ಪಂಪು, ವಾಲ್ವು, ಡೀಸೆಲ್ ಜನರೇಟರುಗಳ ಕಂಟ್ರೋಲು, ಬ್ಯಾಟರಿ ಚಾರ್ಜರು ಇವೂ ಮೇಲಿನ ದರ್ಜೆಯಲ್ಲೇ ಇರಬೇಕು. "ಅದು ಸಹಾಯಕ ವ್ಯವಸ್ಥೆ" ಎಂದು ಕೆಳಗೆ ತಳ್ಳಬೇಡಿ.

ಜಲವಿದ್ಯುತ್‌ನಲ್ಲಿ ಇದೇ ಪ್ರಶ್ನೆ ಕೇಳಿ ನೋಡಿ. ಟರ್ಬೈನ್ ನಿಂತರೆ ವಿದ್ಯುತ್ ನಷ್ಟ. ಅಣೆಕಟ್ಟಿನ ನೀರಿನ ಮಟ್ಟದ ಸೆನ್ಸರ್ ಸುಳ್ಳು ಹೇಳಿದರೆ? ಗೇಟು ಬೇಡದಾಗ ಏಳಬಹುದು, ಬೇಕಾದಾಗ ಏಳದೇ ಇರಬಹುದು. ಕೆಳಗೆ ನದಿ ದಂಡೆಯಲ್ಲಿ ಜನ ಇದ್ದಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಜನರೇಟರಿನ ಸ್ಕ್ರೀನಿಗಿಂತ ಗೇಟಿನ ಕಂಟ್ರೋಲೇ ಮೇಲೆ ಬರುತ್ತದೆ.

ಈ ಉತ್ತರಗಳ ಮೇಲೆ ಮೂರೋ ನಾಲ್ಕೋ ವಲಯ ಮಾಡಿ. ಜೀವಕ್ಕೆ ಸಂಬಂಧಿಸಿದ್ದು ಒಂದು, ಉತ್ಪಾದನೆಯದ್ದು ಒಂದು, ವರದಿ ಮತ್ತು ದಾಖಲೆಯದ್ದು ಒಂದು, ಆಫೀಸಿನದ್ದು ಒಂದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾರ್ಗಸೂಚಿಗಳೂ ಹೇಳುವುದು ಇದನ್ನೇ, ಅಪಾಯ ಎಷ್ಟೋ ಕಾವಲು ಅಷ್ಟು.

ಹೆಜ್ಜೆ 4: ಮಾಹಿತಿ ಹೊರಗೆ ಹೋಗಲಿ, ಒಳಗೆ ಬರದಿರಲಿ

ಆಫೀಸಿನವರಿಗೆ ಪ್ಲಾಂಟಿನ ಅಂಕಿ ಬೇಕು. ಎಷ್ಟು ಯೂನಿಟ್ ಆಯಿತು, ಬೇರಿಂಗ್ ಎಷ್ಟು ಬಿಸಿಯಾಗಿದೆ, ಮಟ್ಟ ಎಷ್ಟಿದೆ. ಬೇಡ ಅನ್ನಲು ಆಗುವುದಿಲ್ಲ. ತೊಂದರೆ ಏನೆಂದರೆ ಅಂಕಿ ಹೊರಡುವ ಕೇಬಲಿನಲ್ಲೇ ಆದೇಶ ವಾಪಸ್ ಬರಬಹುದು.

ಇದಕ್ಕೆ ಡೇಟಾ ಡಯೋಡ್ ಎಂಬ ಸಾಧನ ಇದೆ. ಒಳಗಿನ ತುದಿಯಲ್ಲಿ ಬೆಳಕು ಕಳಿಸುವ ಭಾಗ ಮಾತ್ರ, ಹೊರಗಿನ ತುದಿಯಲ್ಲಿ ಬೆಳಕು ಹಿಡಿಯುವ ಭಾಗ ಮಾತ್ರ. ನಡುವೆ ಒಂದು ಫೈಬರ್. ವಾಪಸ್ ಕಳಿಸುವ ಲೇಸರೇ ಅಲ್ಲಿಲ್ಲ. ತೋಟದ ಪಂಪಿನ ಫೂಟ್ ವಾಲ್ವ್ ಇದ್ದ ಹಾಗೆ. ನೀರು ಮೇಲೇರುತ್ತದೆ, ವಾಪಸ್ ಇಳಿಯುವುದಿಲ್ಲ. ಫೈರ್‌ವಾಲ್ ಹಾಗಲ್ಲ. ಅದು ನಿಯಮ ನೋಡಿ ಬಿಡುವ ಸಾಫ್ಟ್‌ವೇರ್. ನಿಯಮ ತಪ್ಪಾಗಿ ಬರೆದರೆ ಬಾಗಿಲು ತೆರೆದೇ ಇರುತ್ತದೆ. ಜೀವಕ್ಕೆ ಸಂಬಂಧಿಸಿದ ಮೇಲಿನ ವಲಯಕ್ಕೆ ಡಯೋಡೇ ಬೇಕು, ಕೆಳಗಿನ ವಲಯಗಳ ನಡುವೆ ಫೈರ್‌ವಾಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಡಯೋಡಿಗೆ ದುಡ್ಡು ಜಾಸ್ತಿ, ನಿಜ. ಸಣ್ಣ ಪವರ್ ಹೌಸಿನಲ್ಲಿ ಅದಾಗದಿದ್ದರೆ ಗಂಟೆಗೊಮ್ಮೆ ಅಂಕಿ ಓದಿ ಫೋನಿನಲ್ಲಿ ಹೇಳುವ ಹಳೇ ಪದ್ಧತಿಯೂ ಕೆಟ್ಟದ್ದಲ್ಲ.

ವಾಪಸ್ ದಾರಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಹ್ಯಾಚ್ ಅಣು ಸ್ಥಾವರ ಉದಾಹರಣೆ. 2008ರ ಮಾರ್ಚ್‌ನಲ್ಲಿ ಆಫೀಸ್ ನೆಟ್‌ವರ್ಕಿನ ಒಂದು ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದರು. ಅದು ಪ್ಲಾಂಟಿನ ಅಂಕಿಗಳ ಜೊತೆ ಎರಡೂ ಕಡೆ ಹೊಂದಿಸಿಕೊಳ್ಳುವಂಥದ್ದು. ರೀಸ್ಟಾರ್ಟ್ ಆದಾಗ ಈ ಕಡೆ ಅಂಕಿ ಅಳಿಸಿತು, ಆ ಕಡೆಯೂ ಅಳಿಸಿತು. ನೀರು ಕಡಿಮೆಯಾಗಿದೆ ಎಂದುಕೊಂಡ ಸುರಕ್ಷತಾ ವ್ಯವಸ್ಥೆ ರಿಯಾಕ್ಟರನ್ನೇ ನಿಲ್ಲಿಸಿತು. ಎರಡು ದಿನ ಉತ್ಪಾದನೆ ಇಲ್ಲ.

ಹೆಜ್ಜೆ 5: ಕೈಯಲ್ಲಿ ಬರುವುದನ್ನು ತಡೆಯಿರಿ

ನೀವು ಶಿಫ್ಟಿನಲ್ಲಿ ನಿಜವಾಗಿ ಮಾಡಬೇಕಾದ ಕಾವಲು ಇಲ್ಲೇ ಇರುವುದು.

ರಾತ್ರಿ ಪಾಳಿ. ಹೊರಗೆ ಮಳೆ. ಫೋನಿನ ಚಾರ್ಜ್ ಮುಗಿಯುತ್ತಾ ಬಂದಿದೆ. ಚಾರ್ಜರ್ ರೂಮಲ್ಲಿ ಬಿಟ್ಟು ಬಂದಿದ್ದೀರಿ, ಕೇಬಲ್ ಮಾತ್ರ ಬ್ಯಾಗಿನಲ್ಲಿದೆ. ಎದುರಿಗೆ ಆಪರೇಟರ್ ಕಂಪ್ಯೂಟರಿನ ಯುಎಸ್‌ಬಿ ಪೋರ್ಟು ಖಾಲಿ ಇದೆ. ಚುಚ್ಚಬೇಡಿ. ನೀವು ಚಾರ್ಜ್ ಅಂದುಕೊಂಡಿದ್ದನ್ನು ಕಂಪ್ಯೂಟರ್ ಹೊಸ ಡಿಸ್ಕ್ ಬಂತು ಅಂದುಕೊಳ್ಳುತ್ತದೆ. ಫೋನಿನ ಹಾಟ್‌ಸ್ಪಾಟ್ ಆನ್ ಇದ್ದರೆ ಇಂಟರ್ನೆಟ್ಟೇ ಒಳಗೆ ಬಂದ ಹಾಗೆ. ಹಿರಿಯರು ಇದಕ್ಕೆ ಬೈಯುವುದಕ್ಕಿಂತ ಕಂಟ್ರೋಲ್ ರೂಮಿನ ಗೋಡೆಗೆ ನಾಲ್ಕು ಚಾರ್ಜರ್ ಹಾಕಿಸಿಕೊಡುವುದು ಒಳ್ಳೆಯದು. ಪೋರ್ಟುಗಳಿಗೆ ಬೀಗದ ಮುಚ್ಚಳ ಸಿಗುತ್ತದೆ, ಸಾಫ್ಟ್‌ವೇರಿನಲ್ಲೂ ಮುಚ್ಚಬಹುದು. ಎರಡೂ ಮಾಡಿ.

ಪೆನ್ ಡ್ರೈವ್ ಬೇಕೇ ಬೇಕಾದಾಗ ಸ್ಥಾವರದ್ದೇ ಆಗಿರಲಿ. ಒಂದೇ ಬಣ್ಣದ್ದು, ನಂಬರ್ ಹಾಕಿದ್ದು, ಬೀರುವಿನಲ್ಲಿ ಬೀಗ ಹಾಕಿ ಇಟ್ಟದ್ದು. ಯಾರು ಯಾವಾಗ ತಗೊಂಡರು, ಯಾವಾಗ ಕೊಟ್ಟರು ಅಂತ ಪುಸ್ತಕದಲ್ಲಿ ಸಹಿ. ಹೊರಗಿಂದ ಬಂದ ಫೈಲನ್ನು ಮೊದಲು ಯಾವ ನೆಟ್‌ವರ್ಕಿಗೂ ಸೇರದ ಒಂದು ಪರೀಕ್ಷೆಯ ಕಂಪ್ಯೂಟರಿನಲ್ಲಿ ನೋಡಿ. ಅದರಲ್ಲಿ ಎರಡು ಬೇರೆ ಕಂಪನಿಯ ಆಂಟಿವೈರಸ್ ಇರಲಿ, ಹೊಸ ಅಪ್‌ಡೇಟ್ ಇರಲಿ. ಆಮೇಲೆ ಫೈಲನ್ನು ಸ್ಥಾವರದ ಡ್ರೈವಿಗೆ ಹಾಕಿ. ಹೊರಗಿನ ಡ್ರೈವು ಗೇಟಿನಿಂದಲೇ ವಾಪಸ್. ತಯಾರಕರ ಸಾಫ್ಟ್‌ವೇರ್ ಆದರೆ ಆ ಫೈಲಿನ ಹ್ಯಾಶ್ ನಂಬರನ್ನು (ಫೈಲಿನ ಬೆರಳಚ್ಚು ಇದ್ದ ಹಾಗೆ, ಫೈಲ್ ಬದಲಾದರೆ ಇದೂ ಬದಲಾಗುತ್ತದೆ) ಅವರಿಂದ ಬೇರೆ ದಾರಿಯಲ್ಲಿ ತರಿಸಿಕೊಂಡು ಹೋಲಿಸಿ. ಇಮೇಲಲ್ಲಿ ಫೈಲ್ ಬಂದಿದ್ದರೆ ಫೋನಿನಲ್ಲಿ ನಂಬರ್ ಕೇಳಿ. ಆಂಟಿವೈರಸ್ ಒಂದನ್ನೇ ನಂಬಬೇಡಿ. ಸ್ಟಕ್ಸ್‌ನೆಟ್ ಬಂದಾಗ ಅದರ ಬಳಿ, ನಂಬಿಕಸ್ತ ಕಂಪನಿಯ ಸಾಫ್ಟ್‌ವೇರ್ ಎಂದು ತೋರಿಸುವ, ಕದ್ದ ಅಸಲಿ ಡಿಜಿಟಲ್ ಸಹಿಗಳೇ ಇದ್ದವು.

ಇನ್ನು ಸರ್ವೀಸ್ ಎಂಜಿನಿಯರ್. ಬೆಂಗಳೂರಿಂದ ಬೆಳಿಗ್ಗೆ ಬಂದಿರುತ್ತಾರೆ, ರಾತ್ರಿ ಟ್ರೈನಿಗೆ ಶಿವಮೊಗ್ಗದಿಂದ ವಾಪಸ್ ಹೋಗಬೇಕು. ಪಾಪ, ಅವಸರ ಅವರದ್ದೂ ಸುಳ್ಳಲ್ಲ. "ಸರ್, ಐದೇ ನಿಮಿಷ, ನನ್ನ ಲ್ಯಾಪ್‌ಟಾಪ್ ಹಾಕಿ ಮುಗಿಸಿಬಿಡ್ತೀನಿ" ಅನ್ನುತ್ತಾರೆ. ನೀವು ಹೇಳಬೇಕಾದ್ದು ಇಷ್ಟು: "ಬೇಜಾರು ಮಾಡ್ಕೋಬೇಡಿ ಸರ್. ನಮ್ಮ ಲ್ಯಾಪ್‌ಟಾಪ್ ಇದೆ, ಅದರಲ್ಲೇ ಮಾಡಿ. ನಾನು ಪಕ್ಕದಲ್ಲೇ ಕೂತಿರ್ತೀನಿ." ಇದಕ್ಕಾಗಿ ಸ್ಥಾವರದ್ದೇ ಒಂದು ಎಂಜಿನಿಯರಿಂಗ್ ಲ್ಯಾಪ್‌ಟಾಪ್ ಇರಬೇಕು. ಇಮೇಲ್ ಇಲ್ಲ, ಬ್ರೌಸರ್ ಇಲ್ಲ, ವೈಫೈ ಕಾರ್ಡ್ ತೆಗೆದದ್ದು, ಬೇಕಾದ ಸಾಫ್ಟ್‌ವೇರ್ ಮಾತ್ರ ಇರುವುದು. ಅವರು ಏನು ಬದಲಿಸಿದರು ಅಂತ ನೀವೇ ನೋಡಿ ಬರೆದುಕೊಳ್ಳಿ.

ದೂರದಿಂದಲೇ ಲೈನ್ ಕೊಟ್ಟರೆ ಸರಿ ಮಾಡಿಕೊಡುತ್ತೇವೆ ಎಂದು ಕೇಳುವುದೂ ಉಂಟು. ಮೇಲಿನ ವಲಯಕ್ಕೆ ಖಂಡಿತ ಬೇಡ. ಉಳಿದ ಕಡೆ ಕೊಡಲೇಬೇಕಾದರೆ ಕೆಲಸದ ಹೊತ್ತಿಗೆ ಮಾತ್ರ ಕೇಬಲ್ ಹಾಕಿ, ಮುಗಿದ ಕೂಡಲೇ ಕೇಬಲನ್ನೇ ಕಿತ್ತಿಡಿ.

ಹೆಜ್ಜೆ 6: ಕೀ ತಿರುಗಿಸಿ ಜೇಬಿಗೆ ಹಾಕಿ

ಬಹಳಷ್ಟು ಕಂಟ್ರೋಲರ್‌ಗಳ ಮುಖದ ಮೇಲೆ ಒಂದು ಕೀ ಸ್ವಿಚ್ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಪ್ರೋಗ್ರಾಂ ಬದಲಿಸಬಹುದು, ಇನ್ನೊಂದು ಕಡೆ ತಿರುಗಿಸಿದರೆ ಓಡುವುದಷ್ಟೇ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಟ್ರೈಟನ್ ಎಂಬ ದಾಳಿ ನಡೆಯಿತು. ಅದು ಹೋಗಿದ್ದು ಕೊನೆಯ ಕಾವಲಾದ ಟ್ರೈಕೋನೆಕ್ಸ್ ಸುರಕ್ಷತಾ ಕಂಟ್ರೋಲರಿಗೇ. ಅಲ್ಲಿನ ಕೀ ಪ್ರೋಗ್ರಾಂ ಸ್ಥಾನದಲ್ಲೇ ಇತ್ತು. ದಾಳಿಕೋರರ ಕೋಡಿನಲ್ಲಿ ಏನೋ ಎಡವಟ್ಟಾಗಿ ಪ್ಲಾಂಟ್ ಸುರಕ್ಷಿತವಾಗಿ ನಿಂತಿತು, ಹಾಗಾಗಿ ವಿಷಯ ಹೊರಬಂತು.

ಸ್ವಿಚ್ ಓಡುವ ಸ್ಥಾನದಲ್ಲಿರಲಿ, ತೆಗೆದ ಕೀ ಶಿಫ್ಟ್ ಮುಖ್ಯಸ್ಥರ ಬಳಿ ಇರಲಿ. ಹ್ಯಾಂಡೋವರ್ ಮಾಡುವಾಗ ಲಾಗ್ ಬುಕ್ಕಿನಲ್ಲಿ "ಕೀ ಸ್ಥಾನ ನೋಡಿದೆ" ಅಂತ ಒಂದು ಸಾಲು ಬರೆಯುವ ರೂಢಿ ಮಾಡಿ. ಕಂಪನಿಯಿಂದ ಬಂದಾಗ ಇದ್ದ ಪಾಸ್‌ವರ್ಡ್ ಬದಲಿಸಿ. ಪ್ರೋಗ್ರಾಮಿನ ಒಂದು ಪ್ರತಿಯನ್ನು ಬದಲಿಸಲಾಗದ ಡಿಸ್ಕಿಗೆ ಬರೆದು ಬೇರೆ ಕಟ್ಟಡದಲ್ಲಿ ಬೀಗ ಹಾಕಿಡಿ. ಆಗಾಗ ಓಡುತ್ತಿರುವ ಪ್ರೋಗ್ರಾಮನ್ನು ಅದರ ಜೊತೆ ಹೋಲಿಸಿ. ಮತ್ತು ಆ ಪ್ರತಿಯಿಂದ ಒಂದು ಸ್ಪೇರ್ ಕಂಟ್ರೋಲರಿಗೆ ನಿಜವಾಗಿ ಹಾಕಿ ನೋಡಿ. ಹಾಕಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನುವುದಿಲ್ಲ.

ಪ್ಯಾಚ್ ವಿಷಯ ಸ್ವಲ್ಪ ಕಷ್ಟದ್ದು. ಆಫೀಸಿನ ಪಿಸಿಗೆ ಬಂದ ದಿನವೇ ಹಾಕಿ. ಕಂಟ್ರೋಲ್ ಸಿಸ್ಟಮ್‌ಗೆ ತಯಾರಕರು ಒಪ್ಪಿದ ಮೇಲೆ, ಸ್ಪೇರಿನಲ್ಲಿ ಓಡಿಸಿ ನೋಡಿದ ಮೇಲೆ, ಯೂನಿಟ್ ನಿಂತಿರುವಾಗ ಹಾಕಿ. ಅಲ್ಲಿಯವರೆಗೆ ಆ ತೂತಿಗೆ ಹೋಗುವ ದಾರಿಯನ್ನು ಮುಚ್ಚಿಡಿ.

ಹೆಜ್ಜೆ 7: ಸ್ಕ್ರೀನನ್ನು ಫೀಲ್ಡಿಗೆ ಹೋಗಿ ಪರೀಕ್ಷಿಸಿ

ಸ್ಟಕ್ಸ್‌ನೆಟ್‌ನ ಅತ್ಯಂತ ಕೆಟ್ಟ ಬುದ್ಧಿ ಏನು ಗೊತ್ತಾ? ಯಂತ್ರ ಹಾಳಾಗುತ್ತಿರುವಾಗ ಅದು, ಎಲ್ಲ ಸರಿ ಇದ್ದಾಗ ರೆಕಾರ್ಡ್ ಮಾಡಿಕೊಂಡ ಅಂಕಿಗಳನ್ನು ಕಂಟ್ರೋಲ್ ರೂಮಿಗೆ ತೋರಿಸುತ್ತಿತ್ತು. ಆಪರೇಟರ್‌ಗಳು ನೋಡುತ್ತಲೇ ಇದ್ದರು, ಎಲ್ಲ ಹಸಿರು.

ಇದಕ್ಕೆ ಔಷಧ ಒಂದೇ. ಕಂಪ್ಯೂಟರನ್ನು ಹಾದು ಬರದ ಒಂದು ಅಳತೆ. ಮುಳ್ಳಿನ ಪ್ರೆಷರ್ ಗೇಜು, ಪೈಪಿನ ಮೇಲಿನ ಥರ್ಮಾಮೀಟರು, ನೇರ ವೈರಿನ ಮೀಟರು, ವಾಲ್ವಿನ ಕಡ್ಡಿ ಎಷ್ಟು ಮೇಲೆದ್ದಿದೆ ಅನ್ನುವುದು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ ಅಂತ ಶಿವಮೊಗ್ಗದ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುತ್ತದೆ. ಅಂಥ ಅಣೆಕಟ್ಟಿನ ಗೋಡೆ ಮೇಲೆ ಅಡಿ ಗುರುತಿನ ಪಟ್ಟಿ ಬರೆದಿರುತ್ತಾರಲ್ವಾ, ಅದಕ್ಕೆ ವೈರಸ್ ಹತ್ತುವುದಿಲ್ಲ. ಆಷಾಢದ ಮಳೆಯಲ್ಲಿ ಕಂಬಳಿಯೋ ರೇನ್‌ಕೋಟೋ ಹಾಕಿಕೊಂಡು ಟಾರ್ಚ್ ಬೆಳಕಿನಲ್ಲಿ ಅದನ್ನು ಓದಿ ಬರುವ ಕೆಲಸ ಕಷ್ಟದ್ದೇ. ಆದರೆ ಶಿಫ್ಟಿಗೊಮ್ಮೆ ಓದಿ, ಸ್ಕ್ರೀನಿನ ಅಂಕಿ ಪಕ್ಕದಲ್ಲೇ ಬರೆಯಿರಿ. ಎರಡರ ನಡುವೆ ವ್ಯತ್ಯಾಸ ಬಂದರೆ ಮೊದಲು ಗೋಡೆಯನ್ನು ನಂಬಿ, ಆಮೇಲೆ ಸೆನ್ಸರನ್ನು ವಿಚಾರಿಸಿ.

ಹೊಸ ಡಿಜಿಟಲ್ ಪ್ಯಾನೆಲ್ ಬಂದಾಗ ಹಳೇ ಗೇಜುಗಳನ್ನು ಗುಜರಿಗೆ ಹಾಕುವ ಪ್ರಸ್ತಾಪ ಬರುತ್ತದೆ. ದಯವಿಟ್ಟು ಬಿಡಬೇಡಿ. ಸ್ಕ್ರೀನ್ ಇಲ್ಲದ ಕಾಲದಲ್ಲೇ, 1940ರ ದಶಕದ ಕೊನೆಗೆ, ಜೋಗದ ಮಹಾತ್ಮ ಗಾಂಧಿ ಪವರ್ ಹೌಸ್ ಕರೆಂಟು ಕೊಡಲು ಶುರುಮಾಡಿತು. ಕೈಯಿಂದ ಓಡಿಸುವುದನ್ನು ಬಲ್ಲ ಹಿರಿಯರು ನಿವೃತ್ತರಾಗುವ ಮೊದಲು ಅವರ ಜೊತೆ ನಿಂತು ಕಲಿಯಿರಿ, ಬರೆದಿಡಿ.

ಉಕ್ರೇನ್ ಉಳಿದುಕೊಂಡದ್ದು ಇದರಿಂದಲೇ. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ಕಂಪನಿಗಳ ಮೇಲೆ ದಾಳಿಯಾಯಿತು. ಆಪರೇಟರ್‌ಗಳ ಕಣ್ಣೆದುರೇ ಮೌಸ್ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು ತೆರೆಯಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲೆ. ಸಬ್‌ಸ್ಟೇಷನ್ನಿನ ಸಂಪರ್ಕ ಸಾಧನಗಳನ್ನೂ ಕೆಡಿಸಿದ್ದರು, ದೂರು ಕೇಳುವ ಫೋನುಗಳಿಗೂ ಸುಳ್ಳು ಕರೆ ತುಂಬಿಸಿದ್ದರು. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟು ಬಂತು. ಜನ ಗಾಡಿ ಹತ್ತಿ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ನಮ್ಮಲ್ಲಿ ರಸ್ತೆ ಮೇಲೆ ಮರ ಬಿದ್ದ ದಿನ ಇದೇ ಆದರೆ ಯಾರು, ಯಾವ ಗಾಡಿಯಲ್ಲಿ, ಯಾವ ದಾರಿಯಲ್ಲಿ ಹೋಗುತ್ತಾರೆ? ಅದನ್ನೂ ಬರೆದಿಡಿ. ವರ್ಷಕ್ಕೊಮ್ಮೆ ಸ್ಕ್ರೀನ್ ಆಫ್ ಮಾಡಿದೆ ಎಂದುಕೊಂಡು ಅಭ್ಯಾಸ ಮಾಡಿ. ಮೊಬೈಲ್ ನೆಟ್‌ವರ್ಕೂ ಇಲ್ಲ ಅಂತಲೇ ಲೆಕ್ಕ ಹಾಕಿ, ಘಟ್ಟದಲ್ಲಿ ಅದು ಹೊಸತೇನಲ್ಲ.

ಹೆಜ್ಜೆ 8: ಒಳಗಿನವರ ಬಗ್ಗೆಯೂ ಯೋಚಿಸಿ

ಇದನ್ನು ಬರೆಯಲು ಮನಸ್ಸಿಗೆ ಹಿತ ಅನಿಸುವುದಿಲ್ಲ, ಆದರೂ ಬರೆಯಬೇಕು. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಇದ್ದ ಭಾರಜಲ ಬೆರೆಸಲಾಗಿತ್ತು. ನೌಕರರ ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಅದು ಗೊತ್ತಾಯಿತು. ಒಳಗೆ ಓಡಾಡಲು ಅವಕಾಶ ಇದ್ದವರೇ ಮಾಡಿರಬೇಕು ಎಂದು ಅಧಿಕಾರಿಗಳೇ ಹೇಳಿದರು. ಅದು ಸೈಬರ್ ಘಟನೆ ಅಲ್ಲ. ಆದರೆ ಬೇಲಿ, ಗೇಟು, ಪಾಸ್ ಎಲ್ಲ ದಾಟಿದವರಿಂದಲೂ ಹಾನಿ ಆಗಬಹುದು ಅನ್ನುವುದಕ್ಕೆ ನಮ್ಮ ಪಕ್ಕದ್ದೇ ಉದಾಹರಣೆ.

ಪ್ರೋಗ್ರಾಂ ಬದಲಾವಣೆಗೆ ಇಬ್ಬರು ಇರಲೇಬೇಕು ಎಂಬ ನಿಯಮ ಇಡಿ. ಒಬ್ಬರು ಮಾಡಲಿ, ಇನ್ನೊಬ್ಬರು ನೋಡಿ ಸಹಿ ಹಾಕಲಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬೇಡ. ಕೆಲಸ ಬಿಟ್ಟವರ, ವರ್ಗವಾದವರ ಲಾಗಿನ್ ಅದೇ ದಿನ ಮುಚ್ಚಿ. ಗುತ್ತಿಗೆ ನೌಕರರಿಗೆ ಸಂಬಳ ತಡವಾಗುವುದು, ಅವಮಾನ ಆಗುವುದು ಕೂಡ ನನ್ನ ಪ್ರಕಾರ ಭದ್ರತೆಯ ವಿಷಯವೇ. ಅದನ್ನು ಮೇಲಿನವರ ಸಭೆಯಲ್ಲಿ ಹೇಳಲು ಹಿಂಜರಿಯಬೇಡಿ.

ಆಫೀಸಿನ ಇಮೇಲ್ ಬಗ್ಗೆ ಚಿಕ್ಕದಾಗಿ: ಉಕ್ರೇನಿನ ದಾಳಿ ಶುರುವಾಗಿದ್ದು ಇಮೇಲಿನಲ್ಲಿ ಬಂದ ಆಫೀಸ್ ಫೈಲಿನಿಂದ. "ಮ್ಯಾಕ್ರೋ ಆನ್ ಮಾಡಿ" ಅಂತ, ಅಂದರೆ ಫೈಲಿನೊಳಗಿನ ಪುಟ್ಟ ಪ್ರೋಗ್ರಾಂ ಓಡಲು ಬಿಡಿ ಅಂತ, ಕೇಳುವ ಫೈಲನ್ನು ಮುಚ್ಚಿ, ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಕಂಟ್ರೋಲ್ ರೂಮಿನ ಫೋಟೋ, ಪ್ಯಾನೆಲ್ ಮುಂದಿನ ಸೆಲ್ಫಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಹಿಂದೆ ಕಾಣುವ ಮಾಡೆಲ್ ನಂಬರ್ ಓದಲು ಕಾಯುವವರಿದ್ದಾರೆ.

ಹೆಜ್ಜೆ 9: ಅನುಮಾನ ಬಂದಾಗ

ಮೌಸ್ ತಾನಾಗಿ ಓಡಿತು. ಗೇಜಿಗೂ ಸ್ಕ್ರೀನಿಗೂ ಹೊಂದಲಿಲ್ಲ. ನೀವು ಹಾಕದ ಸೆಟ್ಟಿಂಗ್ ಬದಲಾಗಿದೆ. ಏನು ಮಾಡಬೇಕು?

ಮೊದಲು ಪ್ಲಾಂಟು, ಆಮೇಲೆ ಕಂಪ್ಯೂಟರು. ಶಿಫ್ಟ್ ಮುಖ್ಯಸ್ಥರಿಗೆ ಹೇಳಿ. ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ತರುವ ನಿರ್ಧಾರ ಅವರದ್ದು, ಅದಕ್ಕೆ ಬರೆದಿಟ್ಟ ಕ್ರಮ ಇರುತ್ತದೆ. ವಲಯಗಳ ನಡುವಿನ ಕೇಬಲ್ ಯಾವುದನ್ನು ಕಿತ್ತರೆ ಪ್ಲಾಂಟಿಗೆ ತೊಂದರೆ ಇಲ್ಲ ಅಂತ ಶಾಂತವಾಗಿರುವ ದಿನವೇ ನಿರ್ಧರಿಸಿ, ಆ ಕೇಬಲಿಗೆ ಹಳದಿ ಟ್ಯಾಗ್ ಹಾಕಿಡಿ. ಗಾಬರಿಯಲ್ಲಿ ಸಿಕ್ಕಿದ ಕೇಬಲ್ ಕೀಳಬೇಡಿ.

ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಡಿ, ಫಾರ್ಮ್ಯಾಟ್ ಮಾಡಲೇಬೇಡಿ. ಎಷ್ಟೋ ದಾಳಿಗಳ ಗುರುತು ಮೆಮೊರಿಯಲ್ಲಷ್ಟೇ ಇರುತ್ತದೆ, ಆಫ್ ಮಾಡಿದರೆ ಹೋಯಿತು. ಸ್ಥಾವರದ ಕ್ಯಾಮೆರಾದಲ್ಲಿ ಸ್ಕ್ರೀನಿನ ಫೋಟೋ ತೆಗೆಯಿರಿ. ಸಮಯ ಹಾಕಿ, ಕಂಡದ್ದನ್ನು ಕಂಡ ಹಾಗೆ ಲಾಗ್ ಬುಕ್ಕಿನಲ್ಲಿ ಬರೆಯಿರಿ.

ಭಾರತದಲ್ಲಿ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ನಿರ್ಣಾಯಕ ಮೂಲಸೌಕರ್ಯಕ್ಕೆ 2014ರಿಂದ ಎನ್‌ಸಿಐಐಪಿಸಿ ಎಂಬ ಪ್ರತ್ಯೇಕ ಸಂಸ್ಥೆ ಇದೆ. ವಿದ್ಯುತ್ ವಲಯಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಮಾರ್ಗಸೂಚಿ ಇದೆ. ಹೊರಗೆ ತಿಳಿಸುವುದು ನಿಮ್ಮ ಕೆಲಸ ಅಲ್ಲ, ಸಂಸ್ಥೆಯ ಸೈಬರ್ ಭದ್ರತಾ ಅಧಿಕಾರಿಯದ್ದು. ಆದರೆ ಅವರ ನಂಬರು ಕಂಟ್ರೋಲ್ ರೂಮಿನ ಗೋಡೆ ಮೇಲೆ ಕಾಗದದಲ್ಲಿ ಇರಬೇಕು. ಆ 6 ಗಂಟೆಯಲ್ಲಿ ಮೂರು ಗಂಟೆ ನಂಬರ್ ಹುಡುಕುವುದರಲ್ಲಿ ಹೋಗಬಾರದು.

ಕಲಿಯುವ ಆಸಕ್ತಿ ಇರುವವರಿಗೆ ಒಂದು ಮಾತು. ನಿಜವಾದ ಸ್ಥಾವರದ ಮೇಲೆ ಪ್ರಯೋಗ ಮಾಡಬೇಡಿ. ಸಂರಕ್ಷಿತ ವ್ಯವಸ್ಥೆ ಎಂದು ಘೋಷಿಸಿದ ಕಂಪ್ಯೂಟರಿಗೆ ಅನುಮತಿ ಇಲ್ಲದೆ ಕೈ ಹಾಕಿದರೆ ಐಟಿ ಕಾಯ್ದೆಯ 70ನೇ ಸೆಕ್ಷನ್‌ನಲ್ಲಿ 10 ವರ್ಷದವರೆಗೆ ಜೈಲು ಇದೆ. ಒಂದು ಹಳೇ ಪಿಎಲ್‌ಸಿ, ಒಂದು ಸಣ್ಣ ಪಂಪು, ಎರಡು ಫ್ಲೋಟ್ ಸ್ವಿಚ್ಚು, ಎರಡು ಬಕೆಟ್ ನೀರು ಇದ್ದರೆ ಕಾಲೇಜಿನ ಲ್ಯಾಬಿನಲ್ಲೇ ಇಡೀ ಪಾಠ ಕಲಿಯಬಹುದು. ಸೆನ್ಸರ್ ಸುಳ್ಳು ಹೇಳಿದಾಗ ಬಕೆಟ್ ಹೇಗೆ ತುಂಬಿ ಹರಿಯುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿ.

ಕೆಲಸದಲ್ಲಿ ಆಗಲೇ ಇರುವವರು ಎರಡನೇ ಹೆಜ್ಜೆಯಿಂದ ಶುರು ಮಾಡಿ. ಜಲವಿದ್ಯುತ್ ಕೇಂದ್ರದವರಾದರೆ ಬೇಸಿಗೆಯ ರಿಪೇರಿ ಸಮಯದಲ್ಲೇ ಕೇಬಲ್ ಪಟ್ಟಿ ಮುಗಿಸಿಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿದು ಯೂನಿಟ್‌ಗಳೆಲ್ಲ ಓಡತೊಡಗಿದ ಮೇಲೆ ಪ್ಯಾನೆಲ್ ಬಾಗಿಲು ತೆಗೆಯಲು ಯಾರೂ ಒಪ್ಪುವುದಿಲ್ಲ.